ಲೆಕ್ಕದ ಮೇಷ್ಟ್ರು ಮಹಾವೀರಾಚಾರ್ಯರು

ಸಂಜೆಯ ಜಪಸರ ಮುಗಿದ ಮೇಲೆ ನಿಮ್ಮ ಮಗನೋ ಮಗಳೋ ಸಂಭವನೀಯತೆಯ ಲೆಕ್ಕ ಹಿಡಿದು ಬಂದರೆ ಏನು ಮಾಡುತ್ತೀರಿ? ಸಾರಥಿಯಲ್ಲಾಗಲಿ ಹರಿಹರದಲ್ಲಾಗಲಿ, ನಮಗೆ ಬಾರದು ಎಂದು ಟ್ಯೂಷನ್ನಿಗೆ ಅಟ್ಟುವವರೇ ಹೆಚ್ಚು. ಮಗುವಿಗೆ ಲೆಕ್ಕದ ಭಯ ಹತ್ತುವುದೂ ಅಲ್ಲಿಂದಲೇ. ಆದರೆ ಈ ಲೆಕ್ಕಕ್ಕೆ ಬೇಕಾದ ಎಣಿಕೆಯನ್ನು ನಮ್ಮ ನಾಡಿನಲ್ಲೇ ಸಾವಿರದ ನೂರು ವರ್ಷಗಳಿಗೂ ಹಿಂದೆ ಒಬ್ಬರು ಕಲಿಸಿದ್ದರು.

ಅವರು ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅವರ ಬದುಕೆಂದರೆ ಆ ಗ್ರಂಥವೇ. ಅದುವರೆಗೆ ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿ ಬರುತ್ತಿತ್ತು. ಇವರು ಗಣಿತಕ್ಕೆಂದೇ ಪುಸ್ತಕ ಬರೆದರು. ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವುದು, ಎಲ್ಲಕ್ಕೂ ಲೆಕ್ಕ ಬೇಕೆಂದು ಮೊದಲೇ ತಿಳಿಸಿದರು. ಭಿನ್ನರಾಶಿಗಳನ್ನು ಕೂಡಿಸಲು ಮಕ್ಕಳು ಇಂದು ಹುಡುಕುವ ಲ.ಸಾ.ಅ. ಕೂಡ ಅವರ ಪುಸ್ತಕದಲ್ಲಿದೆ.

ಅವರು ಪಾಠ ಹೇಳುವ ರೀತಿ ನೋಡಿ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಈ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂದು ಕೇಳುತ್ತಾರೆ. ದಾವಣಗೆರೆಯ ಮಂಡಕ್ಕಿ ತಿಂದವರಿಗೆ ಇದನ್ನು ವಿವರಿಸಬೇಕಿಲ್ಲ! ಎರಡೆರಡಾಗಿ ಆರಿಸುವುದಾದರೆ 6ನ್ನು 5ರಿಂದ ಗುಣಿಸಿ, 1 ಮತ್ತು 2ರ ಗುಣಲಬ್ಧದಿಂದ ಭಾಗಿಸಿ: 15 ಜೋಡಿ. ಮೂರು ಮೂರಾದರೆ 20. ಒಂದರಿಂದ ಆರರವರೆಗೆ ಎಲ್ಲ ಸೇರಿ 63. ಎಷ್ಟೇ ವಸ್ತುಗಳಿರಲಿ, ನಡೆಯುವ ಸೂತ್ರವನ್ನೇ ಅವರು ಕೊಟ್ಟರು.

ಈಗ ಮಗುವಿನ ಪ್ರಶ್ನೆಗೆ ಬನ್ನಿ. ಕಣ್ಣು ಮುಚ್ಚಿ ಎರಡು ರುಚಿ ಆರಿಸಿದರೆ ಅದರಲ್ಲಿ ಸಿಹಿ ಇರುವ ಸಂಭವನೀಯತೆ ಎಷ್ಟು? ಸಿಹಿಯ ಜೊತೆಗೆ ಉಳಿದ ಐದರಲ್ಲಿ ಯಾವುದಾದರೂ ಸೇರಬಹುದು, ಅಂದರೆ 15ರಲ್ಲಿ 5, ಮೂರರಲ್ಲಿ ಒಂದು. ಎಣಿಸಲು ಬಂದರೆ ಅರ್ಧ ಲೆಕ್ಕ ಮುಗಿದಂತೆ.

ಆಚಾರ್ಯರೂ ಒಂದು ಕಡೆ ಎಡವಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದುಬಿಟ್ಟರು. ಹಾಗೆ ಭಾಗಿಸಲು ಬರುವುದಿಲ್ಲ ಎಂದು ಇಂದಿನ ಶಾಲೆಯ ಮಗುವೂ ಹೇಳುತ್ತದೆ. ಇದನ್ನು ಮಕ್ಕಳಿಗೆ ತಪ್ಪದೆ ತಿಳಿಸಿ, ತಪ್ಪಿಗೆ ಹೆದರಿ ಪುಸ್ತಕ ಮುಚ್ಚುವವರಿಗೆ ಧೈರ್ಯ ಬಂದೀತು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಕನ್ನಡ ಅನುವಾದವಿರುವ ಆವೃತ್ತಿ 2000ದಲ್ಲಿ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದಲೇ ಹೊರಬಂದಿದೆ.