ಡಿ. ಎಸ್. ವೈಟ್

ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಅವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಭಾರತದ ಯುರೇಷಿಯನ್ ಸಮುದಾಯದ ಪ್ರಮುಖ ನಾಯಕರಾಗಿದ್ದರು. ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್ ಬಡಾವಣೆಗೆ ಆ ಹೆಸರು ಬಂದದ್ದು ಇವರಿಂದ.

ಹಿನ್ನೆಲೆ

ಐರೋಪ್ಯ ಮತ್ತು ಭಾರತೀಯ ಮೂಲಗಳೆರಡನ್ನೂ ಹೊಂದಿದ ಕುಟುಂಬಗಳನ್ನು ಆ ಕಾಲದಲ್ಲಿ ಯುರೇಷಿಯನ್ನರೆಂದು ಕರೆಯುತ್ತಿದ್ದರು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದವರಿಗೆ ತನ್ನ ಆಡಳಿತ ಮತ್ತು ಸೇನೆಯ ಉನ್ನತ ಹುದ್ದೆಗಳನ್ನು ನಿರಾಕರಿಸಿತು. ಮುಂದೆ ಈ ಸಮುದಾಯದ ಬಹುಪಾಲು ಜನರು ರೈಲ್ವೆ, ತಂತಿ ಇಲಾಖೆ ಹಾಗೂ ಗುಮಾಸ್ತಗಿರಿಗಳನ್ನೇ ನೆಚ್ಚಿಕೊಂಡರು. ಆಳುವವರು ತಮ್ಮವರೆಂದು ಒಪ್ಪಲಿಲ್ಲ; ನೆರೆಹೊರೆಯವರು ಆಳುವವರ ಕಡೆಯವರೆಂದು ಭಾವಿಸಿದರು. ವೈಟ್ ಅವರ ರಾಜಕೀಯ ನಿಲುವು ಈ ಇಕ್ಕಟ್ಟಿನಲ್ಲಿ ರೂಪುಗೊಂಡಿತು.

ಸಾರ್ವಜನಿಕ ಜೀವನ

ಮದರಾಸನ್ನು ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡಿದ್ದ ವೈಟ್, 1879ರಲ್ಲಿ ಅಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದ ಸ್ಥಾಪನೆಗೆ ಕಾರಣರಾದರು. ಸರ್ಕಾರಿ ನೌಕರಿಯೊಂದನ್ನೇ ನಂಬಿದ ಸಮುದಾಯಕ್ಕೆ ಭವಿಷ್ಯವಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಹುಟ್ಟಿದ ನೆಲದಲ್ಲಿಯೇ ಬೇಸಾಯ ಮತ್ತು ಕೈಕಸುಬುಗಳಿಂದ ಸ್ವಾವಲಂಬಿಗಳಾಗುವುದು ಅವರು ಸೂಚಿಸಿದ ದಾರಿ. 1885ರ ಡಿಸೆಂಬರ್‌ನಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನದಲ್ಲಿಯೂ ಅವರು ಭಾಗವಹಿಸಿದ್ದರು. ತಮ್ಮ ಜನರ ಹಿತವನ್ನು ಇತರ ಭಾರತೀಯರ ಬೇಡಿಕೆಗಳಿಂದ ಬೇರ್ಪಡಿಸಲಾಗದೆಂಬ ತಿಳಿವಳಿಕೆ ಈ ನಡೆಯಲ್ಲಿ ಕಾಣುತ್ತದೆ.

ವೈಟ್‌ಫೀಲ್ಡ್ ವಸಾಹತು

1881ರಲ್ಲಿ ಮೈಸೂರು ರಾಜ್ಯದ ಆಡಳಿತವು ಒಡೆಯರ ಮನೆತನಕ್ಕೆ ಮರಳಿತು. ಮರುವರ್ಷ, 1882ರಲ್ಲಿ, ಹತ್ತನೆಯ ಚಾಮರಾಜ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ನಡುವೆ ವೃತ್ತಾಕಾರದ ಬಯಲು, ಸುತ್ತ ತೋಟಸಹಿತ ಮನೆಗಳು ಎಂಬ ಕ್ರಮದಲ್ಲಿ ಊರನ್ನು ಯೋಜಿಸಲಾಯಿತು. ಆ ವಿನ್ಯಾಸವು ಇಂದಿಗೂ ಇನ್ನರ್ ಸರ್ಕಲ್ ಮತ್ತು ಔಟರ್ ಸರ್ಕಲ್ ಎಂಬ ಹೆಸರುಗಳಲ್ಲಿ ಉಳಿದಿದೆ. ಬೆಂಗಳೂರು–ಮದರಾಸು ರೈಲುಮಾರ್ಗದ ಸಾಮೀಪ್ಯವು ವಸಾಹತಿಗೆ ಅನುಕೂಲವಾಗಿತ್ತು. ಆದರೆ ನದಿ ನೀರಾವರಿಯಿಲ್ಲದ, ಮಳೆಯನ್ನೇ ನಂಬಿದ ನೆಲದಲ್ಲಿ ಪಟ್ಟಣದ ನೌಕರಿಗೆ ಒಗ್ಗಿದ್ದವರು ರೈತರಾಗುವುದು ಸುಲಭವಿರಲಿಲ್ಲ. ಊರು ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ. ದೀರ್ಘಕಾಲ ನಿವೃತ್ತರ ಶಾಂತವಾದ ನೆಲೆಯಾಗಿಯೇ ಉಳಿಯಿತು.

ಪರಂಪರೆ

ವೈಟ್ ಅವರ ಕಾಲದ ನಂತರ, 1911ರಲ್ಲಿ, ಸರ್ಕಾರವು ಯುರೇಷಿಯನ್ ಎಂಬ ಪದಕ್ಕೆ ಬದಲಾಗಿ ಆಂಗ್ಲೋ-ಇಂಡಿಯನ್ ಎಂಬ ಹೆಸರನ್ನು ಅಂಗೀಕರಿಸಿತು. 1933ರಲ್ಲಿ ರಾಂಚಿಯ ಬಳಿ ಸ್ಥಾಪನೆಯಾದ ಮೆಕ್ಲಸ್ಕಿಗಂಜ್ ಇಂಥದೇ ಮತ್ತೊಂದು ಪ್ರಯತ್ನವಾಗಿತ್ತು. 1947ರ ಬಳಿಕ ಅನೇಕ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ವಲಸೆ ಹೋದವು. 1990ರ ದಶಕದಲ್ಲಿ ಮಾಹಿತಿ ತಂತ್ರಜ್ಞಾನ ಉದ್ಯಾನದ ಆಗಮನದಿಂದ ವೈಟ್‌ಫೀಲ್ಡ್‌ನ ಸ್ವರೂಪ ಬದಲಾಯಿತು. ಹಳೆಯ ಬಂಗಲೆಗಳಲ್ಲಿ ಹಲವು ಕಣ್ಮರೆಯಾದವು. ನೆಲದಲ್ಲಿ ಬೇರೂರಬೇಕೆಂದು ವೈಟ್ ಯಾರಿಗಾಗಿ ಶ್ರಮಿಸಿದರೋ ಅವರ ವಂಶಜರು ಇಂದು ಆ ಊರಿನಲ್ಲಿ ವಿರಳ.