ನರಗಳ ಸಂದೇಶವನ್ನರಿತ ಒಟ್ಟೋ ಲೋವಿ

ಹೆದರಿಕೆಯಾದಾಗ ಎದೆಯು ಡವಡವನೆ ಬಡಿದುಕೊಳ್ಳುವುದೂ, ಭಯ ಕಳೆದೊಡನೆ ಆ ಬಡಿತವು ಮೆಲ್ಲನೆ ತಗ್ಗುವುದೂ ಎಲ್ಲರಿಗೂ ಅನುಭವವಿದ್ದ ಸಂಗತಿ. ಹೃದಯಕ್ಕೆ ಈ ಆಜ್ಞೆಗಳನ್ನು ಮುಟ್ಟಿಸುವುದು ನರಗಳು. ಆದರೆ ನರದ ತುದಿಯಿಂದ ಹೃದಯದ ಸ್ನಾಯುವಿಗೆ ಆಜ್ಞೆಯು ದಾಟುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಕಂಡುಹಿಡಿದವರು ಒಟ್ಟೋ ಲೋವಿ. ಲೋಕಕ್ಕೆ ಇಷ್ಟು ದೊಡ್ಡ ಉಪಕಾರವನ್ನು ಮಾಡಿದ ಈ ಪಂಡಿತರು ಅರುವತ್ತೈದರ ಇಳಿವಯಸ್ಸಿನಲ್ಲಿ ಬರಿಗೈಯಲ್ಲಿ ದೇಶ ಬಿಡಬೇಕಾಗಿ ಬಂದಿತು.

ಲೋವಿಯವರು 1873ನೆಯ ಇಸವಿ ಜೂನ್ 3ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಒಂದು ಯೆಹೂದ್ಯ ವರ್ತಕ ಕುಟುಂಬದಲ್ಲಿ ಜನಿಸಿದರು. ಅವರಿಗೆ ಒಲವಿದ್ದುದು ಕಲೆಯ ಇತಿಹಾಸದಲ್ಲಿ. ಮನೆಯವರ ಇಚ್ಛೆಗೆ ಮಣಿದು ವೈದ್ಯಶಾಸ್ತ್ರಕ್ಕೆ ಸೇರಿ, 1896ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಪದವಿ ಪಡೆದರು. ಬಳಿಕ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಅಲ್ಲಿ ಕ್ಷಯ ಮತ್ತು ನ್ಯುಮೋನಿಯಾ ರೋಗಿಗಳು ಮದ್ದಿಲ್ಲದೆ ಒಬ್ಬರ ಹಿಂದೊಬ್ಬರು ಸಾಯುವುದನ್ನು ಕಂಡು ಅವರ ಮನಸ್ಸು ನೊಂದಿತು. ಚಿಕಿತ್ಸೆಯನ್ನು ಬಿಟ್ಟು, ಔಷಧಗಳು ಶರೀರದಲ್ಲಿ ಹೇಗೆ ವರ್ತಿಸುತ್ತವೆ ಎಂಬುದರ ಸಂಶೋಧನೆಗೆ ತೊಡಗಿದರು. ಇಂಗ್ಲೆಂಡಿಗೆ ಹೋದಾಗ ಹೆನ್ರಿ ಡೇಲ್ ಎಂಬ ತರುಣ ವಿಜ್ಞಾನಿಯ ಪರಿಚಯವಾಗಿ, ಅದು ಜೀವಮಾನದ ಸ್ನೇಹವಾಯಿತು. 1909ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ವಿಶ್ವವಿದ್ಯಾನಿಲಯವು ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿತು.

ನರದಲ್ಲಿ ಹರಿಯುವುದು ವಿದ್ಯುತ್ತಿನ ಸಂಚಲನವೆಂಬುದು ಆಗಲೇ ತಿಳಿದಿದ್ದಿತು. ಆದುದರಿಂದ ನರದ ತುದಿಯಿಂದಾಚೆಗೂ ಅದು ವಿದ್ಯುತ್ತಾಗಿಯೇ ದಾಟುವುದೆಂದು ಹಲವರು ನಂಬಿದ್ದರು. ನರದ ತುದಿಯು ಯಾವುದೋ ದ್ರವ್ಯವನ್ನು ಹೊರಸೂಸುತ್ತಿರಬಹುದೆಂದು ಕೆಲವರು ಊಹಿಸಿದ್ದರೂ ಅದಕ್ಕೆ ಸಾಕ್ಷ್ಯವಿರಲಿಲ್ಲ.

ಆ ಸಾಕ್ಷ್ಯವನ್ನು ಪಡೆಯುವ ಮಾರ್ಗವು ಲೋವಿಯವರಿಗೆ ಕನಸಿನಲ್ಲಿ ಹೊಳೆಯಿತು. ಈಸ್ಟರ್ ಹಬ್ಬದ ಸುಮಾರಿನ ಒಂದು ರಾತ್ರಿ ಎಚ್ಚೆತ್ತು, ಒಂದು ಚೂರು ಕಾಗದದ ಮೇಲೆ ಏನನ್ನೋ ಗೀಚಿ ಮಲಗಿದರು. ಬೆಳಿಗ್ಗೆ ತಮ್ಮ ಬರವಣಿಗೆ ತಮಗೇ ಓದಲಾಗಲಿಲ್ಲ! ದಿನವೆಲ್ಲ ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದೇ ಯೋಚನೆ ಮತ್ತೆ ಬಂದಿತು. ಈ ಸಾರಿ ಕಾಗದವನ್ನು ನಂಬದೆ ನೆಟ್ಟಗೆ ಪ್ರಯೋಗಶಾಲೆಗೆ ನಡೆದರು.

ಪ್ರಯೋಗವು ಬಲು ಸರಳವಾದುದು. ಕಪ್ಪೆಯ ಹೃದಯವು ಶರೀರದಿಂದ ಬೇರ್ಪಟ್ಟರೂ ತಕ್ಕ ಉಪ್ಪುನೀರಿನಲ್ಲಿ ಬಹಳ ಹೊತ್ತು ಬಡಿಯುತ್ತಿರುತ್ತದೆ. ಅಂತಹ ಎರಡು ಹೃದಯಗಳನ್ನು ಅವರು ತೆಗೆದುಕೊಂಡರು. ಒಂದರಲ್ಲಿ ವೇಗಸ್ ಎಂಬ ನರವನ್ನು ಉಳಿಸಿಕೊಂಡಿದ್ದರು. ಆ ನರವನ್ನು ಕೆರಳಿಸಿದಾಗ ಬಡಿತವು ನಿಧಾನವಾಯಿತು. ಅದರೊಳಗಿದ್ದ ನೀರನ್ನು ನರವಿಲ್ಲದ ಎರಡನೆಯ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ವಿದ್ಯುತ್ತು ನೀರಿನೊಡನೆ ಪಾತ್ರೆಯಿಂದ ಪಾತ್ರೆಗೆ ಬರಲಾರದು. ಅಂದಮೇಲೆ ನರವು ನೀರಿಗೆ ಒಂದು ದ್ರವ್ಯವನ್ನು ಬಿಟ್ಟಿರಲೇಬೇಕು. 1921ರಲ್ಲಿ ಇದು ಪ್ರಕಟವಾಯಿತು. ಅನೇಕರು ಸಂಶಯಪಟ್ಟರು. 1926ರಲ್ಲಿ ಸ್ಟಾಕ್‌ಹೋಮಿನಲ್ಲಿ ನೆರೆದ ವಿದ್ವಾಂಸರ ಮುಂದೆ ಲೋವಿಯವರು ಪ್ರಯೋಗವನ್ನು ಮಾಡಿ ತೋರಿಸಿದರು. ಆ ದ್ರವ್ಯವು ಅಸಿಟೈಲ್‌ಕೋಲಿನ್ ಎಂದು ಕ್ರಮೇಣ ಖಚಿತವಾಯಿತು. 1936ರ ನೊಬೆಲ್ ಪಾರಿತೋಷಕವನ್ನು ಲೋವಿ ಮತ್ತು ಡೇಲ್ ಇಬ್ಬರೂ ಹಂಚಿಕೊಂಡರು.

ಎರಡು ವರ್ಷ ಕಳೆಯುವುದರೊಳಗೆ ದುರ್ದಿನ ಬಂದಿತು. 1938ರ ಮಾರ್ಚಿಯಲ್ಲಿ ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡ ರಾತ್ರಿಯೇ ಲೋವಿಯವರನ್ನು ಹಿಡಿದು ಸೆರೆಮನೆಗೆ ತಳ್ಳಿದರು. ಇಬ್ಬರು ಪುತ್ರರೂ ಬಂಧಿತರಾದರು. ತಮ್ಮನ್ನು ಕೊಲ್ಲುವರೆಂದೇ ಅವರು ಭಾವಿಸಿದ್ದರು. ಆಗಲೂ ಅವರನ್ನು ಕಾಡಿದುದು ಪ್ರಕಟವಾಗದೆ ಉಳಿದಿದ್ದ ಕೊನೆಯ ಪ್ರಯೋಗದ ಚಿಂತೆ. ಕಾವಲುಗಾರನನ್ನು ಬೇಡಿ ಒಂದು ಕಾರ್ಡನ್ನು ಪಡೆದು, ಫಲಿತಾಂಶವನ್ನು ಅದರಲ್ಲಿ ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳುಹಿಸಿದ ಮೇಲೆಯೇ ಅವರಿಗೆ ಸಮಾಧಾನ. ಎರಡು ತಿಂಗಳ ಬಳಿಕ ಬಿಡುಗಡೆಯಾಯಿತು. ಆದರೆ ದೇಶ ಬಿಡಬೇಕಾದರೆ ಸ್ಟಾಕ್‌ಹೋಮಿನ ಬ್ಯಾಂಕಿನಲ್ಲಿದ್ದ ಪಾರಿತೋಷಕದ ಹಣವನ್ನು ನಾಜಿಗಳ ಕೈಕೆಳಗಿನ ಬ್ಯಾಂಕಿಗೆ ಒಪ್ಪಿಸಬೇಕಾಯಿತು. ಪತ್ನಿ ಗೀಡಾ ಅವರನ್ನು ಹಿಂದೆಯೇ ತಡೆದಿಟ್ಟರು. ಲಂಡನ್, ಬ್ರಸೆಲ್ಸ್, ಆಕ್ಸ್‌ಫರ್ಡ್‌ಗಳಲ್ಲಿ ಆಶ್ರಯ ಪಡೆದು, 1940ರಲ್ಲಿ ಲೋವಿಯವರು ನ್ಯೂಯಾರ್ಕನ್ನು ಸೇರಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕೆಲಸಕ್ಕೆ ನಿಂತರು. ಪತ್ನಿಯು ಬಂದು ಸೇರಿದುದು 1941ರಲ್ಲಿ.

ನರವು ದ್ರವ್ಯವನ್ನು ಬಿಡುವ ಬಗೆಯು ಅವರ ಜೀವಿತಕಾಲದಲ್ಲಿಯೇ ಬೆಳಕಿಗೆ ಬರತೊಡಗಿತು. ಅವರಂತೆಯೇ ಜರ್ಮನಿಯನ್ನು ಬಿಟ್ಟು ಬಂದಿದ್ದ ಬರ್ನಾರ್ಡ್ ಕಾಟ್ಸ್ ಅವರು, ದ್ರವ್ಯವು ಒಂದೇ ಗಾತ್ರದ ಪೊಟ್ಟಣಗಳಾಗಿ ಹೊರಬೀಳುವುದೆಂದು 1950ರ ದಶಕದಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ತೋರಿಸಿದರು. ನರದ ತುದಿಯೊಳಗೆ ಸಾವಿರಾರು ಅಣುಗಳನ್ನು ತುಂಬಿಕೊಂಡ ಕಿರುಚೀಲಗಳಿವೆ. ವಿದ್ಯುತ್ ಸಂಚಲನವು ಬಂದೊಡನೆ ಜೀವಕೋಶದ ಪೊರೆಯಲ್ಲಿರುವ ದ್ವಾರಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಚೀಲದ ಮೇಲಣ ಪ್ರೋಟೀನುಗಳೂ ಪೊರೆಯ ಪ್ರೋಟೀನುಗಳೂ ಹಗ್ಗದ ಎಳೆಗಳಂತೆ ಹೊಸೆದುಕೊಂಡು ಚೀಲವನ್ನು ಪೊರೆಗೆ ಕೂಡಿಸುತ್ತವೆ. ಅಲ್ಲಿ ಬಾಯಿ ತೆರೆದು ದ್ರವ್ಯವು ಹೊರಚೆಲ್ಲುತ್ತದೆ. ಕ್ಯಾಲ್ಸಿಯಂ ಒಳಬಂದಮೇಲೆ ಇದಕ್ಕೆ ಒಂದು ಸೆಕೆಂಡಿನ ಸಾವಿರದೊಂದು ಪಾಲಿನಷ್ಟು ಹೊತ್ತೂ ಬೇಕಾಗದು. ಪೊರೆಯು ಹರಿಯುವುದಿಲ್ಲ, ಚೀಲವು ಮತ್ತೆ ಒಳಸೇರಿ ಹೊಸದಾಗಿ ತುಂಬಿಕೊಳ್ಳುತ್ತದೆ. ಮೇದೋಜೀರಕ ಗ್ರಂಥಿಯು ಇನ್ಸುಲಿನನ್ನು ರಕ್ತಕ್ಕೆ ಬಿಡುವುದೂ ಬಹುಮಟ್ಟಿಗೆ ಇದೇ ರೀತಿಯಲ್ಲಿ. ಈ ಚೀಲಗಳ ಸಾಗಾಟದ ರಹಸ್ಯವನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2013ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಲೋವಿಯವರು 1961ರ ಡಿಸೆಂಬರ್ 25ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಹಣವನ್ನೂ ಮನೆಯನ್ನೂ ಕಸಿದುಕೊಂಡವರಿಗೆ ಅವರ ಅರಿವನ್ನು ಕಸಿಯಲಾಗಲಿಲ್ಲ. ಅದು ಒಂದು ಕಾರ್ಡಿನ ಮೇಲೇರಿ ಸೆರೆಮನೆಯಿಂದ ಹೊರಗೆ ಬಂದಿತು. ದಿನದ ದುಡಿಮೆಯನ್ನು ಮುಗಿಸಿ ನಾವು ಮಲಗಿದಾಗ ನಮ್ಮ ಎದೆಬಡಿತವನ್ನು ತಗ್ಗಿಸುವುದು, ಅಂದು ಅವರು ಕಪ್ಪೆಯ ಹೃದಯದ ನೀರಿನಲ್ಲಿ ಕಂಡ ಆ ದ್ರವ್ಯವೇ.