ಯುದ್ಧದ ನಡುವೆ ಹಡಗು ಕಟ್ಟಲು ಹೊರಟ ಸೊಲ್ಲಾಪುರದ ವ್ಯಾಪಾರಿ

ತುರುವನೂರು: ಏ.5 ರಾಷ್ಟ್ರೀಯ ಕಡಲ ದಿನ. ನಮ್ಮೂರಿಗೂ ಕಡಲಿಗೂ ಬಹಳ ದೂರ, ನಿಜ. ಆದ್ರೆ ಅಂಗಡಿಯಲ್ಲಿ ಮಾರೋ ತಾಳೆಎಣ್ಣೆ, ಹೊಲಕ್ಕೆ ಹಾಕೋ ಪೊಟ್ಯಾಷ್ ಗೊಬ್ಬರ ಹಡಗಿನಲ್ಲೇ ಬರೋದು. ಹಡಗು ಯಾರದೋ, ಬಾಡಿಗೆ ಮಾತೂ ಅವರದೇ. ಇದನ್ನು ನೂರು ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡವರು ವಾಲ್‌ಚಂದ್ ಹೀರಾಚಂದ್.

ಹುಟ್ಟಿದ್ದು 1882ರ ನವೆಂಬರ್ 23ರಂದು, ಕನ್ನಡಿಗರೂ ಹೆಚ್ಚಿರುವ ಗಡಿ ಜಿಲ್ಲೆ ಸೊಲ್ಲಾಪುರದಲ್ಲಿ. ಜೈನ ಮನೆತನ, ಲೇವಾದೇವಿ, ಹತ್ತಿ ವ್ಯಾಪಾರ. ಅದನ್ನು ಬಿಟ್ಟು ರೈಲ್ವೆ ಕಂಟ್ರಾಕ್ಟ್ ಹಿಡಿದರು. 1919ರಲ್ಲಿ ಗೆಳೆಯರ ಜೊತೆ ಸೇರಿ ಗ್ವಾಲಿಯರ್‌ನ ಸಿಂಧಿಯಾ ಮಹಾರಾಜರ 'ಲಾಯಲ್ಟಿ' ಹಡಗು ಕೊಂಡು ಸಿಂಧಿಯಾ ಕಂಪನಿ ಶುರು ಮಾಡಿದರು. ಏಪ್ರಿಲ್ 5ರಂದು ಅದು ಬೊಂಬಾಯಿಯಿಂದ ಲಂಡನ್‌ಗೆ ಹೊರಟಿತು. ಅದರ ನೆನಪಿಗೇ ಈ ಕಡಲ ದಿನ.

ಬ್ರಿಟಿಷ್ ಕಂಪನಿಗಳು ಸುಮ್ಮನಿರಲಿಲ್ಲ, ಬಾಡಿಗೆ ದರ ಇಳಿಸಿದವು. ಎದುರಿನ ದೊಡ್ಡ ಅಂಗಡಿಯವನು ನಷ್ಟಕ್ಕೆ ಮಾರಿ ಚಿಕ್ಕವನ ಬಾಗಿಲು ಮುಚ್ಚಿಸ್ತಾನಲ್ಲ, ಹಾಗೆ. 1923ರಲ್ಲಿ ಒಪ್ಪಂದ ಮಾಡಿಕೊಂಡು ಸಿಂಧಿಯಾ ಕರಾವಳಿ ವ್ಯಾಪಾರದಲ್ಲೇ ತೃಪ್ತಿಪಡಬೇಕಾಯ್ತು. ಆದರೆ ಬಾಗಿಲು ಮುಚ್ಚಲಿಲ್ಲ.

ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆದ 1939ರಲ್ಲೇ ಎರಡನೇ ಮಹಾಯುದ್ಧ ಶುರುವಾಯ್ತು. ಜರ್ಮನಿಯ ಸಬ್‌ಮರೀನ್‌ಗಳು ಸರಕು ಹಡಗುಗಳನ್ನು ಸಾಲಾಗಿ ಮುಳುಗಿಸಿದವು. ಅದನ್ನು ತುಂಬಲು ಅಮೆರಿಕ 1941ರಿಂದ 1945ರೊಳಗೆ ಒಂದೇ ನಮೂನೆಯ 2,710 'ಲಿಬರ್ಟಿ' ಹಡಗು ಕಟ್ಟಿತು. ಭಾಗಗಳನ್ನು ಬೇರೆ ಕಡೆ ಮಾಡಿ ತಂದು ಬೆಸುಗೆ ಹಾಕ್ತಿದ್ದರು. ಹಾಗಾಗಿ ಒಂದೊಂದು ಹಡಗು ವಾರಗಳಲ್ಲೇ ತಯಾರಾಗ್ತಿತ್ತು.

ನಮ್ಮಲ್ಲಿ? ಕಲ್ಕತ್ತಾದಲ್ಲಿ ಜಾಗ ಕೂಡಿಬರದೆ ವಾಲ್‌ಚಂದ್ ವಿಶಾಖಪಟ್ಟಣಕ್ಕೆ ಹೋದರು. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ಹಡಗು ಬೇಕೇ ಬೇಕಾಗಿದ್ದ ಕಾಲ, ಆದರೂ ಬ್ರಿಟಿಷ್ ಸರ್ಕಾರದಿಂದ ನೆರವು ಸಿಗಲಿಲ್ಲ. 1942ರ ಏಪ್ರಿಲ್ 6ರಂದು ಜಪಾನ್ ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿತು. ಯಂತ್ರಗಳನ್ನು ಬೊಂಬಾಯಿಗೆ ಸಾಗಿಸಬೇಕಾಯ್ತು.

ನಮ್ಮ ಬೆಂಗಳೂರಿನಲ್ಲೂ ಅವರದು ಇದೇ ಕಥೆ. 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು, ಇವತ್ತಿನ ಎಚ್‌ಎಎಲ್. 1942ರಲ್ಲಿ ಭಾರತ ಸರ್ಕಾರ ಅವರ ಪಾಲು ಕೊಂಡುಕೊಂಡಿತು.

ಹಡಗುಕಟ್ಟೆಯನ್ನು ಮಾತ್ರ ಅವರು ಕೈಬಿಡಲಿಲ್ಲ. ಯುದ್ಧ ಮುಗೀತು, ಸ್ವಾತಂತ್ರ್ಯವೂ ಬಂತು. ಅಡಿಗಲ್ಲು ಹಾಕಿ ಏಳು ವರ್ಷ ಆಗ್ತಾ ಬಂದಾಗ, 1948ರ ಮಾರ್ಚ್ 14ರಂದು ಅಲ್ಲಿ ಕಟ್ಟಿದ ಮೊದಲ ಹಡಗು 'ಜಲ ಉಷಾ'ವನ್ನು ನೆಹರೂ ನೀರಿಗಿಳಿಸಿದರು. 1952ರಲ್ಲಿ ಆ ಕಟ್ಟೆ ಹಿಂದೂಸ್ತಾನ್ ಶಿಪ್‌ಯಾರ್ಡ್ ಆಯ್ತು. ಮರುವರ್ಷ ಏಪ್ರಿಲ್ 8ರಂದು ವಾಲ್‌ಚಂದ್ ತೀರಿಕೊಂಡರು.

ಪ್ರೀಮಿಯರ್ ಕಾರು ಕಂಪನಿ ಶುರು ಮಾಡಿದ್ದೂ ಇವರೇ. ಅಂಗಡಿ ಬಾಟ್ಲಿಯಲ್ಲಿ ಇಡ್ತಿದ್ದ ರಾವಳಗಾಂವ್ ಪೆಪ್ಪರಮೆಂಟೂ ಇವರು ಕಟ್ಟಿದ ಕಾರ್ಖಾನೆಯದೇ. ಹೆಸರು ಗೊತ್ತಿಲ್ಲದಿದ್ದರೂ ಈ ವ್ಯಾಪಾರಿಯ ಮಾಲು ನಮ್ಮೂರ ಗಲ್ಲೆವರೆಗೂ ಬಂದಿತ್ತು.